ಅಪ್ಪನ ಕೈಗೆ ಬಂದ ಚೆಂಡು

ಕೊನೆಯ ಓವರ್. ಗೆಲ್ಲಲು ನಮ್ಮವರಿಗೆ ಒಂದೇ ವಿಕೆಟ್ ಬೇಕಿತ್ತು. ಕ್ಯಾಪ್ಟನ್ ಚೆಂಡನ್ನು ಅಪ್ಪನ ಮುಂದೆ ನೆಲಕ್ಕೆ ಹಾಕಿದರು. ಅಪ್ಪ ಬಗ್ಗಲಿಲ್ಲ.

ಹಾರೋಹಳ್ಳಿ ಕಾರ್ಖಾನೆಗಳ ನಡುವಿನ ಫೈನಲ್ ಅದು. ಕ್ಯಾಪ್ಟನ್ ನಮ್ಮೂರ ಪಟೇಲರ ಮಗ, ಈಗ ಅಪ್ಪ ದುಡಿಯುವ ಕಾರ್ಖಾನೆಯಲ್ಲೇ ಕೆಲಸ. ದಲಿತನೆಂದು ಅಪ್ಪನನ್ನು ಊರಿನ ತಂಡಕ್ಕೆ ಎಂದೂ ಸೇರಿಸಿರಲಿಲ್ಲ. ಪ್ರಾಯವೆಲ್ಲ ಕಾಲೋನಿ ತಂಡಗಳ ಪಂದ್ಯಗಳಲ್ಲೇ ವಿಕೆಟ್ ಉರುಳಿಸಿದವರು ಅವರು. ಊರವರು ಅಭ್ಯಾಸಕ್ಕೆ ಮಾತ್ರ ಕರೆದು ಬೌಲಿಂಗ್ ಮಾಡಿಸುತ್ತಿದ್ದರು. ಆಗಲೂ ಮೈಲಿಗೆಯೆಂದು ಚೆಂಡನ್ನು ಕೈಗೆ ಕೊಡದೆ ನೆಲಕ್ಕೆ ಹಾಕುತ್ತಿದ್ದರು. ಕ್ಯಾಪ್ಟನ್ನರ ಕೈಗೆ ಆ ರೂಢಿ ಇನ್ನೂ ಅಂಟಿಕೊಂಡಿತ್ತು.

"ಕೈಗೆ ಕೊಡಣ್ಣ, ಹಾಕ್ತೀನಿ," ಅಂದರು ಅಪ್ಪ, ಬೌಂಡರಿ ಬಳಿ ಕೂತಿದ್ದ ಅಮ್ಮನಿಗೂ ನನಗೂ ಕೇಳುವಷ್ಟು ಗಟ್ಟಿಯಾಗಿ. ಮೈದಾನವೆಲ್ಲ ಅವರಿಬ್ಬರನ್ನೇ ನೋಡುತ್ತಿತ್ತು. ಕ್ಯಾಪ್ಟನ್ ತಾವೇ ಬಗ್ಗಿ ಚೆಂಡೆತ್ತಿ, ಪ್ಯಾಂಟಿಗೆ ಒರೆಸಿ, ಅಪ್ಪನ ಅಂಗೈಯಲ್ಲಿಟ್ಟರು.

"ತಕೊಳ್ಳಪ್ಪ, ಕೆಡವ್ಬುಡು."

ಮೊದಲ ಎಸೆತಕ್ಕೇ ನಡುವಿನ ವಿಕೆಟ್ ಹಾರಿಹೋಯಿತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಶಿಳ್ಳೆ ಹೊಡೆದಳು!

ಆ ಚೆಂಡು ಈಗ ನಮ್ಮ ಮನೆಯ ಶೋಕೇಸಿನಲ್ಲಿದೆ. ನೋಡಲು ಯಾರೇ ಬರಲಿ, ಅಪ್ಪ ಅದನ್ನು ಮೇಜಿನ ಮೇಲಿಡುವುದಿಲ್ಲ. ಅವರ ಕೈಗೇ ಕೊಡುತ್ತಾರೆ.