ಒಂಟಿಕೊಂಬಿನ ಟಗರು ಬಂದ ಹಾದಿ

ಶನಿವಾರ ಬೆಳಗಿನ ತರಗತಿ ಮುಗಿಸಿ ಚಿತ್ರದುರ್ಗದಲ್ಲಿ ಹಿರಿಯೂರಿನ ಬಸ್ಸು ಹತ್ತಿದಾಗ ಮಧ್ಯಾಹ್ನವಾಗಿತ್ತು. ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟು, "ತವರಿಗಾ ಮೇಡಂ?" ಎಂದು ಕೇಳಿದ. ಹೌದು ಎಂದೆ. ಅದು ಅರ್ಧ ಸತ್ಯ. ಆದಿವಾಲದ ನಮ್ಮ ಮನೆಗೆ ಹೋಗಿ, ಅಲ್ಲಿಂದ ಮುಂದೆ, ಆ ಮನೆಯ ಮೊದಲ ಮನುಷ್ಯ ಎಲ್ಲಿಂದ ಬಂದ ಎಂದು ಹುಡುಕಿಕೊಂಡು ಹೊರಟಿದ್ದೆ.

ಕಾರಣ ಅಣ್ಣನ ಮಗಳು ಚೈತ್ರಾ. ದುರ್ಗದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಹೊಳಲ್ಕೆರೆಯ ಪ್ರದೀಪ ಎಂಬ ಲೈನ್‌ಮನ್ ಹುಡುಗನನ್ನು ಮೆಚ್ಚಿದ್ದಳು. ಅವರೂ ನಮ್ಮಂತೆಯೇ ಕುರಿ ಸಾಕಿ ಬದುಕಿದ ಜನ. ಎರಡೂ ಕಡೆಯವರು ಕೂತು ಮಾತಾಡಿದ ದಿನ ಎಲ್ಲ ಸರಿಹೋಯಿತು ಅನ್ನುವಾಗ ಹುಡುಗನ ತಾತ ಕೆಂಚಜ್ಜ, "ನಿಮ್ದು ಯಾವ ಬೆಡಗು?" ಎಂದು ಕೇಳಿದರು.

ಬೆಡಗು ಎಂದರೆ ಕುಲದೊಳಗಿನ ಕವಲು. ಒಂದೇ ಬೆಡಗಿನವರೆಲ್ಲ ಅಣ್ಣತಂಗಿಯರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ನಮ್ಮಲ್ಲಿ ಇದುವರೆಗೆ ಮದುವೆಗಳೆಲ್ಲ ಸೋದರಮಾವಂದಿರ ಮನೆಗಳ ಒಳಗೇ ಸುತ್ತಿದ್ದರಿಂದ ಅದನ್ನು ಯಾರೂ ಕೇಳಿರಲಿಲ್ಲ, ನಾವೂ ಮರೆತುಬಿಟ್ಟಿದ್ದೆವು. ವಂಶಾವಳಿ ಹೇಳಲು ಬರುತ್ತಿದ್ದ ಹೆಳವರು ತಾತನ ಕಾಲಕ್ಕೇ ಬರುವುದು ನಿಲ್ಲಿಸಿದ್ದರು.

ಅಣ್ಣ ತಲೆ ಕೆರೆದುಕೊಂಡು, "ಮನೆ ದೇವ್ರು ಬೀರಪ್ಪ" ಎಂದ.

"ಬೀರಪ್ಪ ಊರಿಗೊಬ್ಬ ಅವ್ನೆ. ಯಾವೂರ ಬೀರಪ್ಪ?"

ಅಣ್ಣನಿಗೆ ಅದೂ ಗೊತ್ತಿರಲಿಲ್ಲ. "ನಿಮ್ದು ಯಾವ್ ಬೆಡಗು ಹೇಳ್ರಿ ಮತ್ತೆ" ಎಂದ. ಕೆಂಚಜ್ಜ ನಕ್ಕುಬಿಟ್ಟರು.

"ನಾನು ಹೇಳಿದ್ರೆ ಅದೊಂದು ಬಿಟ್ಟು ಬೇರೆ ಯಾವ್ದಾರ ಹೇಳ್ತೀರ. ಮೊದ್ಲು ನಿಮ್ದು ತಿಳ್ಕಂಡು ಬರ್ರಿ, ಆಮೇಲೆ ನಮ್ದು."

ಪ್ರದೀಪನನ್ನೇ ಕೇಳಿ ನೋಡು ಎಂದು ಚೈತ್ರಾಳಿಗೆ ಹೇಳಿದೆ. "ಅವನ ಬ್ಲಡ್ ಗ್ರೂಪೇ ನಾನು ಹೇಳಿದ್ಮೇಲೆ ಗೊತ್ತಾಗಿದ್ದು. ಬೆಡಗು ಎಲ್ಲಿ ಗೊತ್ತಿರುತ್ತೆ ಅತ್ತೆ" ಎಂದಳು.

ನನಗಂತೂ ಕುತೂಹಲ ಮೊದಲೇ ಹತ್ತಿತ್ತು. ಹಿಂದೊಮ್ಮೆ ಶಾಲೆಯ ಮಕ್ಕಳನ್ನು ಕೋಟೆಗೆ ಕರೆದೊಯ್ದಾಗ ಅಮೆರಿಕದ ಒಬ್ಬ ಹಿರಿಯರು ಮಾತಿಗೆ ಸಿಕ್ಕಿದ್ದರು. ತಮ್ಮ ವಂಶದ ಮೊದಲಿಗ ಸುಮಾರು ನಾಲ್ಕು ನೂರು ವರ್ಷದ ಹಿಂದೆ ಹಡಗಿನಲ್ಲಿ ಬಂದು ಆ ದೇಶದಲ್ಲಿ ಇಳಿದವನು ಎಂದರು. ಹಡಗಿನ ಹೆಸರು, ಅವನ ಹೆಂಡತಿಯ ಹೆಸರು, ಅವನು ಮೊದಲು ಬಿತ್ತಿದ ಬೆಳೆ, ಎಲ್ಲ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮದು ಹೇಳಿ ಎಂದರು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಪಡೆದವಳು ನಾನು, ಅದೂ ಚರಿತ್ರೆಯಲ್ಲಿ. ಮದಕರಿ ನಾಯಕರ ವಂಶವನ್ನು ಬಾಯಿಪಾಠ ಒಪ್ಪಿಸಬಲ್ಲೆ. ನಮ್ಮ ಮುತ್ತಾತನ ಅಪ್ಪ ಯಾರು ಎಂದು ಮಾತ್ರ ಹೇಳಲಾಗಲಿಲ್ಲ.

ಆದಿವಾಲದಲ್ಲಿ ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಉಣ್ಣುತ್ತಲೇ ಅಣ್ಣನಿಗೆ ನೆನಪಿದ್ದಷ್ಟನ್ನು ಕೆದಕಿದೆ. ಮೊದಲು ಬಂದವನು ಮೈಲಾರಜ್ಜ. ಕುರಿ ಹಿಂಡಿನ ಜೊತೆ ಮಾಡದಕೆರೆ ಹಾದಿಯಲ್ಲಿ ಬಂದ. ಕುಯ್ಲಾದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ನಿಲ್ಲಿಸಿ ರೈತರಿಂದ ಕಾಳು ಪಡೆಯುತ್ತಿದ್ದ. ಒಂದು ವರ್ಷ ವಾಪಸು ಹೋಗಲೇ ಇಲ್ಲ. ಹಿಂಡಿನ ಮುಂದೆ ಒಂಟಿಕೊಂಬಿನ ಟಗರೊಂದಿತ್ತು. ಅದನ್ನು ಅವನ ಅಣ್ಣ ಪ್ರೀತಿಯಿಂದ ಕೊಟ್ಟು ಕಳಿಸಿದ್ದನಂತೆ.

"ಇಷ್ಟೇನಾ?"

"ಇಷ್ಟೇ ಕಣಮ್ಮ. ಅಪ್ಪ ಹೇಳಿದ್ದೇ ಇಷ್ಟು."

"ಅತ್ತಿಗೆ, ಅಮ್ಮ ನಿಮಗೇನಾದ್ರೂ ಹೇಳಿದ್ರಾ?"

ಅತ್ತಿಗೆ ನಕ್ಕರು. "ನಿಮ್ಮಮ್ಮ ನನಗೆ ಹೇಳಿದ್ದಕ್ಕಿಂತ ಬೈದಿದ್ದೇ ಜಾಸ್ತಿ. ಬಂದ ಹೊಸದ್ರಲ್ಲಿ ಸಾರಿನ ಖಾರಕ್ಕೆ ಜೀರಿಗೆ ರುಬ್ಬಿ ಹಾಕಿದ್ದಕ್ಕೆ ಇಡೀ ಪಾತ್ರೆ ಎಮ್ಮೆ ಕಲಗಚ್ಚಿಗೆ ಸುರಿದ್ರು. ಈ ಮನೆಗೆ ಆಗಲ್ಲ ಕಣೆ ಅಂದ್ರು. ಯಾಕೆ ಅಂತ ಅವ್ರಿಗೂ ಗೊತ್ತಿರಲಿಲ್ಲ. ಅವ್ರತ್ತೆ ಅವ್ರಿಗೆ ಬೈದಿದ್ರಂತೆ."

ಅದು ನಿಜ. ನಾನು ಜೀರಿಗೆಯ ರುಚಿ ಕಂಡದ್ದು ಕಾಲೇಜಿನ ಹಾಸ್ಟೆಲಿನಲ್ಲೇ. ಅಲ್ಲಿ ವಾರಕ್ಕೆರಡು ಸಲ ಜೀರಾ ರೈಸ್. ಮೊದಲ ದಿನ ಹೊಟ್ಟೆಗೇನಾದರೂ ಆಗುತ್ತದೇನೋ ಎಂದು ಕಾದಿದ್ದೆ. ಏನೂ ಆಗಲಿಲ್ಲ.

ಮಲಗುವ ಮುಂಚೆ ಅಣ್ಣ ಅಂಗಳಕ್ಕೆ ಬಂದು ನಿಂತ. "ಹುಡುಕ್ಕೊಂಡು ಹೋಗಿ ಒಂದೇ ಬೆಡಗು ಅಂತ ಗೊತ್ತಾದ್ರೆ ಏನ್ ಮಾಡ್ತೀಯ? ಸುಮ್ನೆ ಯಾವ್ದೋ ಒಂದು ಹೇಳಿದ್ರೆ ಆಗದಿಲ್ವಾ?"

ಒಳಗಿನಿಂದ ಚೈತ್ರಾಳೇ ಉತ್ತರ ಕೊಟ್ಟಳು. "ಸುಳ್ಳು ಹೇಳಿ ಮದ್ವೆಯಾಗಿ ಆಮೇಲೆ ಗೊತ್ತಾದ್ರೆ ಆ ಮನೇಲಿ ಬಾಳೋಳು ನಾನು. ಅತ್ತೆ, ಇರೋದನ್ನ ತಿಳ್ಕಂಡು ಬಾ."

ಭಾನುವಾರ ಬೆಳಗ್ಗೆ ಹಿರಿಯೂರಿನಿಂದ ಹೊಸದುರ್ಗದ ಬಸ್ಸು. ಚಳಿ ಇನ್ನೂ ಬಿಟ್ಟಿರಲಿಲ್ಲ, ಕಿಟಕಿಗಳೆಲ್ಲ ಮುಚ್ಚಿದ್ದವು. ಹೊಸದುರ್ಗ ಹತ್ತಿರವಾದಂತೆ ತೆಂಗಿನ ತೋಟಗಳು, ಗುಡ್ಡಗಳ ನೆತ್ತಿಯಲ್ಲಿ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಅಲ್ಲಿಂದ ಮಾಡದಕೆರೆಗೆ ಸಿಕ್ಕಿದ್ದು ಖಾಸಗಿ ಬಸ್ಸು. ಸರ್ಕಾರಿ ಬಸ್ಸಿನ ಅಭ್ಯಾಸಕ್ಕೆ ಆಧಾರ್ ಕಾರ್ಡು ತೆಗೆದೆ. ಕ್ಲೀನರ್ ಅದನ್ನು ನೋಡಿ, "ಫೋಟೋ ಚೆನ್ನಾಗೈತೆ ಅಕ್ಕ, ಮೂವತ್ತು ರೂಪಾಯಿ ಕೊಡ್ರಿ" ಎಂದ.

ಮಾಡದಕೆರೆಯ ಆಚೆ ಹೊಲವೊಂದರಲ್ಲಿ ಬೀರಪ್ಪನ ಸಣ್ಣ ಗುಡಿ. ಪೂಜಾರಿ ಕಂಬಳಿ ಹೊದ್ದು ಬಿಸಿಲಿಗೆ ಕೂತಿದ್ದರು. ನಾನು ಬಂದ ಕೆಲಸ ಹೇಳಿದೆ. ಅವರು ಕಂಬಳಿ ಸರಿಸಿ ಪಕ್ಕದಲ್ಲಿ ಜಾಗ ಮಾಡಿದರು.

"ಕುಂತ್ಕಳ್ರಿ. ಈ ಬೀರಪ್ಪನ ಒಕ್ಕಲೆಲ್ಲ ನನಗೆ ಗೊತ್ತು. ಆದಿವಾಲದೋರು ಯಾರೂ ಇಲ್ಲ."

"ಮಾಡದಕೆರೆ ಹಾದೀಲಿ ಬಂದ ಅಂತಾರೆ ನಮ್ಮನೇಲಿ."

"ಹಾದೀಲಿ ಬಂದ ಅಂದ್ರೆ ಇಲ್ಲೋನೇ ಅಂತ ಆಯ್ತಾ? ನೀವೂ ಈಗ ಹೊಸದುರ್ಗದ ಬಸ್ಸಲ್ಲಿ ಬಂದ್ರಿ."

ಚರಿತ್ರೆ ಓದಿದವಳಿಗೆ ಹೊಳೆಯಬೇಕಾಗಿದ್ದ ಮಾತು. ನನಗೆ ನಗು ಬಂತು, ಅವರಿಗೂ ಬಂತು. ತಾಳ್ಯದ ಕಡೆಯ ಹಿಂಡುಗಳು ಸುಗ್ಗಿ ಮುಗಿದ ಮೇಲೆ ಇಲ್ಲಿ ತಂಗಿ ಹಿರಿಯೂರು ಸೀಮೆಗೆ ಹೋಗುತ್ತಿದ್ದವೆಂದು ಅವರು ತಮ್ಮ ಅಜ್ಜನಿಂದ ಕೇಳಿದ್ದರು. ತಾಳ್ಯದಲ್ಲಿ ದೊಡ್ಡಹಟ್ಟಿ ಮನೆ ಎಂದು ವಿಚಾರಿಸಿ, ಹೆಚ್ಚು ಕುರಿ ಹೊಡಕೊಂಡು ಬರುತ್ತಿದ್ದವರು ಅವರೇ ಎಂದರು. ಭಂಡಾರದ ಅರಿಶಿನ ಕೊಟ್ಟು, "ಸಿಕ್ರೆ ಒಂದ್ ಫೋನ್ ಮಾಡ್ರಿ, ನನಗೂ ತಲೇಲಿ ಹುಳ ಬಿಟ್ರಿ" ಎಂದು ನಂಬರ್ ಬರೆಸಿದರು.

ಆ ರಾತ್ರಿ ಹೊಸದುರ್ಗದ ಗೆಳತಿಯ ಮನೆಯಲ್ಲಿ ಉಳಿದೆ. ಅಣ್ಣನಿಗೆ ಫೋನಿನಲ್ಲಿ ತಾಳ್ಯ ಎಂದ ಕೂಡಲೇ, "ಅಲ್ಲಿಗ್ಯಾಕೆ ಹೋಗ್ತೀಯ, ವಾಪಸ್ ಬಾ" ಎಂದ. ತಾಳ್ಯ ಇರುವುದು ಹೊಳಲ್ಕೆರೆ ತಾಲ್ಲೂಕಿನಲ್ಲಿ. ನಮ್ಮ ಮೈಲಾರಜ್ಜ ಹುಡುಗನ ಊರಿನ ಕಡೆಗೇ ಜರುಗುತ್ತಿದ್ದ.

ಸೋಮವಾರ ರಜೆ ಇತ್ತು. ಹೊಳಲ್ಕೆರೆಯಲ್ಲಿ ಇಳಿದು, ನಿಲ್ದಾಣದ ಎದುರು ಮಂಡಕ್ಕಿ ಮೆಣಸಿನಕಾಯಿ ತಿಂದು ತಾಳ್ಯದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಮೆಕ್ಕೆಜೋಳ ಮುರಿದ ಹೊಲಗಳು, ನಡುನಡುವೆ ಎಳೆಯ ಅಡಿಕೆ ಗಿಡಗಳು. ದೊಡ್ಡಹಟ್ಟಿ ಮನೆ ಕೇಳಿದ್ದಕ್ಕೆ ಹೋಟೆಲಿನವರು ಕೈ ತೋರಿಸಿದರು. ಹೆಸರಿಗೆ ಹಟ್ಟಿ, ಈಗ ತಾರಸಿ ಮನೆ. ಜಗಲಿಯ ಮೇಲೆ ಹಾಲಮ್ಮ ಎಂಬ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಸುಲಿಯತೊಡಗಿದೆ.

"ಯಾವೂರವ್ವ? ಸಂಘದ ಲೋನಿಗೆ ಬಂದ್ಯಾ?"

"ಇಲ್ಲಜ್ಜಿ, ಆದಿವಾಲದೋಳು. ನಿಮ್ಮನೆಯಿಂದ ಯಾರಾದ್ರೂ ಕುರಿ ಹೊಡ್ಕೊಂಡು ಹಿರಿಯೂರು ಕಡೆ ಹೋಗಿ ಅಲ್ಲೇ ಉಳಿದ್ರಾ ಅಂತ ಕೇಳಾಕ್ ಬಂದೆ."

"ಉಳ್ದೋರಿಲ್ಲ. ಹೋಗಿ ಸತ್ತೋನೊಬ್ಬ ಅವ್ನೆ." ಅವರು ಕೈ ನಿಲ್ಲಿಸಲಿಲ್ಲ. "ನನ್ನ ಗಂಡನ ಮುತ್ತಾತನ ತಮ್ಮ. ಮಾರ್ನಮಿಗೆ ಹಿರೇರಿಗೆ ಎಡೆ ಇಡ್ತೀವಲ್ಲ, ಅವನಿಗೂ ಒಂದು ಇಡ್ತೀವಿ, ಹೊಸ್ಲಿಂದ ಆಚೆ. ಹೊರಗೆ ಸತ್ತೋನು ಅಂತ."

"ಹೆಸ್ರು?"

"ಮೈಲಾರ. ಮನೆ ಟಗರು ಕದ್ದುಕೊಂಡು ಹೋದ ಕಳ್ಳ. ಒಂದೇ ಕೊಂಬಿದ್ರೂ ಅಂಥ ಟಗರು ಸೀಮೇಲಿರಲಿಲ್ಲವಂತೆ."

ನನ್ನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಆ ಅಮೆರಿಕದವರಿಗೆ ಹಡಗು, ನಮಗೆ ಟಗರು. ಅಣ್ಣ ಪ್ರೀತಿಯಿಂದ ಕೊಟ್ಟದ್ದೆಂದು ನಮ್ಮ ಮನೆಯಲ್ಲಿ ಹೇಳುತ್ತಾರೆ ಎಂದು ನಿಧಾನವಾಗಿ ಹೇಳಿದೆ. ಅವನು ಸಾಯಲಿಲ್ಲ, ಆದಿವಾಲದಲ್ಲಿ ಹೊಲ ಹಿಡಿದ, ಮದುವೆಯಾದ, ನಾನು ಅವನ ವಂಶದವಳು ಎಂದೂ ಹೇಳಿದೆ. ಹಾಲಮ್ಮ ಕನ್ನಡಕ ಸರಿ ಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಾವಿಲ್ಲಿ ಸತ್ತ ಅಂತ ವರ್ಷ ವರ್ಷ ಅನ್ನ ಇಡ್ತಿದ್ರೆ ಅವ್ನು ಅಲ್ಲಿ ಹೆಂಡ್ತಿ ಕೈಲಿ ಮುದ್ದೆ ತಿರುವಿಸ್ಕಂಡು ಉಣ್ತಿದ್ನಾ? ಎಲ್ಲಿ, ನಮ್ ಟಗರು ವಾಪಸ್ ಕೊಡು ಮತ್ತೆ."

"ನಿಮ್ಮನೆ ಮಗಳು ಬಂದಿದೀನಲ್ಲಜ್ಜಿ, ಅದ್ರ ಬದ್ಲಿಗೆ."

"ಟಗರಾಗಿದ್ರೆ ಮರಿಗಾದ್ರೂ ಆಗ್ತಿತ್ತು" ಎಂದು ಗೊಣಗಿ, ಒಳಗೆ ಕೂಗಿ ತಟ್ಟೆ ಹಾಕಿಸಿದರು.

ಮುದ್ದೆ, ಅವರೆಕಾಳಿನ ಸಾರು. ಮೊದಲ ತುತ್ತಿಗೇ ಅಮ್ಮನ ಸಾರು ನೆನಪಾಯಿತು. ಗೆಳತಿಯ ಮನೆಯ ಸಾರಿನಲ್ಲಿ ಇದ್ದದ್ದು ಇದರಲ್ಲಿ ಇರಲಿಲ್ಲ. ಬಡಿಸುತ್ತಿದ್ದ ಸೊಸೆಯನ್ನು ಕೇಳಿದೆ. "ಸಾರಿಗೆ ಜೀರಿಗೆ ಹಾಕಲ್ವೇನ್ರಿ?"

ಸೊಸೆ ಸೌಟು ಹಿಡಿದು ಹಾಗೇ ನಿಂತರು. ಹಾಲಮ್ಮ ಹೇಳಿದರು: "ಏನವ್ವಾ ನೀನು, ಜೀರಿಗೆ ಬೆಡಗಿನೋರು ಜೀರಿಗೆ ಉಂಬ್ತಾರಾ?"

ಅತ್ತಿಗೆಯ ಸಾರು ಕಲಗಚ್ಚಿಗೆ ಹೋದದ್ದು ಯಾಕೆಂದು ಆಗ ಗೊತ್ತಾಯಿತು. ಬೆಡಗಿನ ಹೆಸರು ಹೊತ್ತ ವಸ್ತುವನ್ನು ಆ ಬೆಡಗಿನವರು ಬಾಯಿಗಿಡುವುದಿಲ್ಲ. ಊರು ಮರೆತು, ದೇವರ ನೆಲೆ ಮರೆತು, ಹೆಸರೇ ಮರೆತರೂ ಬೇರೆ ಮನೆಗಳಿಂದ ಬಂದ ಸೊಸೆಯರು ಒಬ್ಬರಿಗೊಬ್ಬರು ಬೈದುಕೊಂಡು ಅದನ್ನು ಒಲೆಯ ಮುಂದೆ ಉಳಿಸಿದ್ದರು.

ಆಮೇಲೆ ಬಂದ ಕಾರಣ, ಹುಡುಗನ ತಾತನ ಹೆಸರು ಹೇಳಿದೆ. "ಹೊಳಲ್ಕೆರೇಲೂ ನಮ್ಮ ಜೀರಿಗೆ ಬೆಡಗಿನೋರು ಸುಮಾರು ಮನೆ ಅವೆ. ಈ ಕೆಂಚಪ್ಪ ಯಾರೋ ನಾ ಕಾಣೆ" ಎಂದರು ಹಾಲಮ್ಮ. ಹುಡುಗನದೂ ಅದೇ ಬೆಡಗಾಗಿದ್ದರೆ ಮದುವೆಯ ಮಾತು ಅಲ್ಲಿಗೇ ಮುಗಿಯಿತು.

ಬೀರಪ್ಪನ ಗುಡಿಗೆ ಕರೆದೊಯ್ದು ಕಾಯಿ ಒಡೆಸಿ, ಬಸ್ಸಿನವರೆಗೂ ಬಂದರು. "ಬರೋ ಮಾರ್ನಮಿಗೆ ಆಚೆ ಎಡೆ ಇಡೋದೋ ಬಿಡೋದೋ?" ಎಂದು ಕೇಳಿದರು.

"ಈಗಂತೂ ಸತ್ತೇ ಇದಾರಲ್ಲಜ್ಜಿ. ಇಡ್ರಿ. ಹೊಸ್ಲ ಒಳಗೆ ಇಡ್ರಿ."

"ಅದಕ್ಕೆ ನೀನೂ ಬರಬೇಕು. ನಿಮ್ಮಣ್ಣನ್ನೂ ಕರ್ಕಂಡ್ ಬಾ. ಟಗರಿನ ಲೆಕ್ಕ ಮಾತಾಡಾಣ."

ಹೊಳಲ್ಕೆರೆಯಲ್ಲಿ ಕೆಂಚಜ್ಜನ ಮನೆ ತಲುಪಿದಾಗ ಬಿಸಿಲು ಇಳಿದಿತ್ತು. ಅಜ್ಜ ಚಾವಡಿಯ ಕುರ್ಚಿಯಲ್ಲಿದ್ದರು. "ಬರ್ರಿ ಟೀಚರಮ್ಮ" ಎಂದು ಎದುರಿನ ಕುರ್ಚಿ ತೋರಿಸಿದರು. ಪ್ರದೀಪ ಕಂಬ ಹತ್ತುವ ಹಗ್ಗವನ್ನು ಹೆಗಲ ಮೇಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಅವನ ತಾಯಿ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ತಂದು ನನ್ನ ಕೈಗಿಟ್ಟರು.

ಲೋಟದೊಳಗೆ ನೋಡಿದೆ. ಮಜ್ಜಿಗೆಯ ಮೇಲೆ ಕರಿಬೇವಿನ ಎರಡು ಎಲೆ, ಸುತ್ತ ಎಣ್ಣೆಯಲ್ಲಿ ಸಿಡಿದು ಕಪ್ಪಗಾದ ಜೀರಿಗೆ ತೇಲುತ್ತಿತ್ತು. ಘಮ್ಮೆನ್ನುವ ವಾಸನೆ. ಒಂದು ಕ್ಷಣ ಅದನ್ನೇ ನೋಡುತ್ತ ಕೂತೆ. ಈ ಮನೆಯವರು ಜೀರಿಗೆ ಉಣ್ಣುತ್ತಾರೆ.

"ಗೊತ್ತಾಯ್ತೇನ್ರಿ?" ಕೆಂಚಜ್ಜ ಕೇಳಿದರು.

"ಗೊತ್ತಾಯ್ತು. ತಾಳ್ಯದ ಬೀರಪ್ಪನ ಒಕ್ಕಲು, ದೊಡ್ಡಹಟ್ಟಿ ಮನೆಯೋರು. ಜೀರಿಗೆ ಬೆಡಗು."

ಪ್ರದೀಪ ಹಗ್ಗವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದ. ಅಜ್ಜ ನನ್ನ ಕೈಯಲ್ಲಿದ್ದ ಲೋಟ ನೋಡಿ ಸೊಸೆಯತ್ತ ತಿರುಗಿದರು.

"ಲೇ ಇವ್ಳೆ, ಆ ಲೋಟ ಈ ಕಡೆ ತಗಾ. ಬೀಗ್ರಿಗೆ ಜೀರಿಗೆ ನಡೆಯಲ್ಲ. ಬರೇ ಮಜ್ಜಿಗೆ ತಂದ್ಕೊಡು."

ಪ್ರದೀಪ ಫೋನು ಹಿಡಿದು ಅಂಗಳಕ್ಕೆ ಓಡಿದ. ಯಾರಿಗೆ ಎಂದು ಕೇಳಬೇಕಿರಲಿಲ್ಲ. ಅಜ್ಜ ತಮ್ಮದು ಅರಿಶಿನ ಬೆಡಗು ಎಂದು ಆಮೇಲೆ ಸಾವಕಾಶವಾಗಿ ಹೇಳಿದರು. ಹಾಸ್ಟೆಲಿನ ಜೀರಾ ರೈಸಿನ ಮಾತನ್ನು ನಾನು ಎತ್ತಲಿಲ್ಲ. ಉಪ್ಪು ಹಾಕಿದ ಬರೀ ಮಜ್ಜಿಗೆ ಕುಡಿದು, ಕತ್ತಲಾಗುವ ಮುಂಚೆ ದುರ್ಗದ ಬಸ್ಸು ಹತ್ತಿದೆ. ಸೊನ್ನೆ ರೂಪಾಯಿಯ ಟಿಕೆಟ್ಟು ಕೈಗೆ ಬಂದ ಮೇಲೆ ಮಾಡದಕೆರೆಯ ಪೂಜಾರಿಗೆ ಫೋನು ಮಾಡಿದೆ. ಊರ ಹೊರಗೆ ಕುರಿ ಹಿಂಡೊಂದು ರಸ್ತೆ ದಾಟುತ್ತಿತ್ತು, ಡ್ರೈವರು ಬಸ್ಸು ನಿಲ್ಲಿಸಿದ. ಅತ್ತ ಪೂಜಾರಿ "ಸಿಕ್ಕಿದ್ನಾ?" ಎಂದು ಕೇಳುತ್ತಿದ್ದರು. ನಾನು ಕಿಟಕಿಯಿಂದ ತಲೆ ಹೊರಹಾಕಿ, ಹಿಂಡಿನ ಮುಂದಿದ್ದ ಟಗರಿಗೆ ಎಷ್ಟು ಕೊಂಬು ಎಂದು ನೋಡುತ್ತಿದ್ದೆ.