ಖೇತಿವೆಯ ಮೀನುಬೇಲಿ

ವಿಮಾನ ನಿಲ್ದಾಣದ ಬಾಡಿಗೆ ಕಾರುಗಳ ಅಂಗಳದಲ್ಲಿ ಹತ್ತೊಂಬತ್ತು ವರ್ಷ ದುಡಿದ ಖೇತಿವೆ ನ್ಸೆಲೆಗೆ, ಮರಳಿ ಬಂದ ಕಾರು ಎಲ್ಲೆಲ್ಲಿ ಸುತ್ತಿದೆಯೆಂದು ತಿಳಿಯಲು ಗಿರಾಕಿಯ ಬಾಯಿ ಬೇಕಿರಲಿಲ್ಲ. ಚಕ್ರದ ಕಮಾನಿನೊಳಗೆ ಬೆರಳಾಡಿಸಿ, ಅಂಟಿದ ಮರಳನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, “ಅಳಿವೆಗೆ ಹೋಗಿದ್ರಿ” ಎನ್ನುತ್ತಿದ್ದಳು. ಟಾರು ರಸ್ತೆ ಬಿಟ್ಟು ಇಳಿದೇ ಇಲ್ಲವೆಂದು ಆಣೆ ಮಾಡಿದವರ ಎದುರಿಗೇ ಒಮ್ಮೆ ಕಾಲೊರಸನ್ನು ಎತ್ತಿ, ಅದರಡಿಯಿಂದ ಏಡಿಯ ಕಾಲೊಂದನ್ನು ತೆಗೆದು ಮೇಜಿನ ಮೇಲಿಟ್ಟಿದ್ದಳು. ಬಕೆಟ್ಟು, ಒದ್ದೆಬಟ್ಟೆ ಹಿಡಿದು ಸೇರಿದವಳು ಈಗ ಪೆನ್ನು ಹಿಡಿದು ಕಾರಿನ ಮೈಮೇಲಿನ ಗೀರು ಗುರುತಿಸುವ ಹುದ್ದೆಗೆ ಏರಿದ್ದಳು. ಮರಳಿಗೆ ಕಾರು ಇಳಿಸಬಾರದೆಂಬ ಕರಾರನ್ನು ಪ್ರತಿ ಗಿರಾಕಿಗೂ ಓದಿ ಹೇಳುವುದು ಅವಳದೇ ಕೆಲಸ.

ಆ ಮರಳು ಅವಳಿಗೆ ಪರಿಚಯವಿದ್ದದ್ದು ಹುಟ್ಟಿನಿಂದ. ಅಳಿವೆಯ ಸುತ್ತ ಸಂರಕ್ಷಿತ ವನದ ಗೇಟು ಬಂದದ್ದು ಆಮೇಲೆ; ಅದಕ್ಕೂ ಎಷ್ಟೋ ತಲೆಮಾರು ಮೊದಲಿನಿಂದ ಅಲ್ಲಿನ ಮನೆತನಗಳು ನೀರಿನಲ್ಲಿ ಗೂಟ ನೆಟ್ಟು, ಕಡ್ಡಿ ಹೆಣೆದು, ಬಾಗಿದ ತೋಳಿನಂತಹ ಬೇಲಿ ಕಟ್ಟಿ, ಸಮುದ್ರಕ್ಕೆ ಹೊರಟ ಮೀನನ್ನು ತುದಿಯ ಕೂಳಿಗೆ, ಒಳಹೊಕ್ಕ ಮೀನು ಹೊರಬರಲಾಗದ ಬುಟ್ಟಿಗೆ, ಇಳಿಸಿಕೊಳ್ಳುತ್ತಿದ್ದವು. ಗೇಟು ಹಾಕಿದವರೂ ಆ ಬೇಲಿಗಳನ್ನು ಮುಟ್ಟಲಿಲ್ಲ. ಶಾಲೆಗೆ ಹೋಗುವ ಮುನ್ನ ಸೊಂಟಮಟ್ಟದ ನೀರಿನಲ್ಲಿ ನಿಂತು ಅಪ್ಪ ಎಂಫುಂಗೆಲ್ವಾನಿಗೆ ಈಚಲು ಗರಿಯ ಹುರಿಯನ್ನು ಒಂದೊಂದಾಗಿ ಎತ್ತಿಕೊಡುವುದು ಖೇತಿವೆಯ ಬಾಲ್ಯದ ಬೆಳಗುಗಳ ಕೆಲಸವಾಗಿತ್ತು.

ಅಪ್ಪ ಕಳೆದ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡ. ಸತ್ತವನ ಬೇಲಿಯನ್ನು ಒಂದು ವರ್ಷ ಯಾರೂ ಮುಟ್ಟುವಂತಿಲ್ಲ. ವರ್ಷ ತುಂಬಿದ ಮೇಲಿನ ಮೊದಲ ದೊಡ್ಡ ಇಳಿತದಲ್ಲಿ ಅವನ ಮನೆಯವರು ಸ್ವಂತ ಕೈಯಿಂದ ಗೂಟ ನೆಟ್ಟು, ಕಿತ್ತುಹೋದ ಭಾಗವನ್ನು ಉಬ್ಬರ ಏರುವ ಮೊದಲು ಮುಚ್ಚಬೇಕು. ಮುಚ್ಚದಿದ್ದರೆ ಆ ಜಾಗ ಪಕ್ಕದ ಬೇಲಿಯವನಿಗೆ ಸೇರುತ್ತದೆ. ಪಕ್ಕದ ಬೇಲಿ ಚಿಕ್ಕಪ್ಪನ ಮಗ ಮಂಡ್ಲಕಾಯಿಸೆಯದು. ಎಂಫುಂಗೆಲ್ವಾನಿಗೆ ಗಂಡುಮಕ್ಕಳಿರಲಿಲ್ಲ, ಆದ್ದರಿಂದ ಆ ಜಾಗ ಯಾರದಾಗುವುದೆಂದು ಮಂಡ್ಲಕಾಯಿಸೆ ಮೊದಲೇ ತೀರ್ಮಾನಿಸಿಬಿಟ್ಟಿದ್ದ.

ಖೇತಿವೆ ತೀರ್ಮಾನಿಸಿದ್ದು ಬೇರೆ. ವರ್ಷ ತುಂಬಿದ ಮೇಲಿನ ಆ ಮೊದಲ ದೊಡ್ಡ ಇಳಿತ ಶನಿವಾರ ಹನ್ನೊಂದು ಗಂಟೆಗೆ. ಕೆಲಸದವರಿಗೆ ವರ್ಷಕ್ಕೆರಡು ದಿನ ಸಿಗುವ ಕಾರನ್ನು ಪಡೆದು, ಅತ್ತೆಯ ಅಂಗಳದಲ್ಲಿ ಒಣಗಲಿಟ್ಟಿದ್ದ ನಲವತ್ತು ಗೂಟ, ಹೆಣೆದ ಕಡ್ಡಿಚಾಪೆಗಳನ್ನು ಕಾರಿನ ತಲೆಯ ಮೇಲೆ ಬಿಗಿದು, ಒಂಬತ್ತಕ್ಕೆಲ್ಲ ವನದ ಗೇಟಿನ ಮುಂದಿದ್ದಳು.

ಕಾವಲುಗಾರ ವುಸುಮುಜಿ ಕಾರಿನ ಸುತ್ತ ಒಂದು ಸುತ್ತು ಬಂದ. “ಅಕ್ಕ, ಇದೇನು ಕಾರೋ, ಸೋಪಿನ ಡಬ್ಬಿಯೋ? ಮರಳಲ್ಲಿ ದೊಡ್ಡ ಗಾಡಿಗಳೇ ಒದ್ದಾಡ್ತವೆ.”

“ಸೋಪಿನ ಡಬ್ಬಿಯಾದ್ರೆ ಜಾರಿಕೊಂಡು ಹೋಗುತ್ತೆ ಬಿಡು.”

“ನಿಮ್ಮ ಆಫೀಸಿನ ಕಾಗದದಲ್ಲೇ ಬರೆದಿದೆಯಲ್ಲ, ಮರಳಿಗೆ ಇಳಿಸಬಾರದು ಅಂತ.”

“ಆ ಕಾಗದ ಓದಿ ಹೇಳೋಳೇ ನಾನು. ಇವತ್ತು ನನಗೆ ಯಾರೂ ಓದಿ ಹೇಳಿಲ್ಲ.”

ಅವಳು ಕುಕ್ಕರಗಾಲಿನಲ್ಲಿ ಕೂತು, ಬೆಂಕಿಕಡ್ಡಿಯಿಂದ ಒಂದೊಂದೇ ಟೈರಿನ ಗಾಳಿ ಇಳಿಸಿದಳು. ಎಷ್ಟು ಸಾಕೆಂಬುದನ್ನು ಹೆಬ್ಬೆರಳೇ ಹೇಳಿತು.

“ಹೂತುಕೊಂಡ್ರೆ ಎಳೆಯೋಕೆ ನಾನು ಬರಲ್ಲ” ಎಂದ ವುಸುಮುಜಿ, ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಾ.

“ಬರ್ತೀಯ. ನಿಮ್ಮಮ್ಮ ನನ್ನ ಪಕ್ಕದ ಬೆಂಚಿನಲ್ಲಿ ಕೂತು ನನ್ನ ಲೆಕ್ಕಾನೇ ಕಾಪಿ ಹೊಡೆದು ಪಾಸಾದೋಳು.”

ಮರಳುದಾರಿಯಲ್ಲಿ ಗಾಳಿಯಿಳಿದ ಚಕ್ರಗಳು ಒಂಟೆಯ ಪಾದದಂತೆ ಹರಡಿಕೊಂಡು ಓಡಿದವು. ವೇಗ ಹೆಚ್ಚಿಸಬಾರದು, ತಗ್ಗಿಸಬಾರದು, ಎಲ್ಲಕ್ಕಿಂತ ಮುಖ್ಯವಾಗಿ ನಿಲ್ಲಿಸಬಾರದು. ಮೂರು ಕಿಲೋಮೀಟರು ಹಾಗೆಯೇ ಸಾಗಿತು. ಆಗ ತಿರುವಿನಲ್ಲಿ, ತಲೆಯ ಮೇಲೆ ಜೊಂಡಿನ ಹೊರೆ ಹೊತ್ತ ಮುದುಕಿಯೊಬ್ಬಳು ಎದುರಾದಳು. ಹಿರಿಯರನ್ನು ಮಾತನಾಡಿಸದೆ ದಾಟಿಹೋಗುವುದನ್ನು ಖೇತಿವೆಯ ಕಾಲು ಕಲಿತೇ ಇರಲಿಲ್ಲ. ತಲೆ ಬೇಡವೆನ್ನುವಷ್ಟರಲ್ಲಿ ಅದು ಬ್ರೇಕು ತುಳಿದಿತ್ತು.

“ಚೆನ್ನಾಗಿದ್ದೀರಾ, ಗೋಗೊ?” ಆ ಕಡೆ ಅಜ್ಜಿಯರನ್ನು ಕರೆಯುವುದೇ ಹಾಗೆ.

“ಇದ್ದೀವಿ. ನೀನು ಹೇಗಿದ್ದೀಯ? ಮಕ್ಕಳು? ಯಾರ ಮಗಳು ನೀನು?”

ತಂದೆಯ ಹೆಸರು, ಊರು, ಮಕ್ಕಳ ಆರೋಗ್ಯ ಎಲ್ಲ ಮುಗಿಯುವ ಹೊತ್ತಿಗೆ ಕಾರು ಹೊಟ್ಟೆಯವರೆಗೆ ಕುಸಿದಿತ್ತು. ಮುದುಕಿ ಹೊರೆ ಇಳಿಸಿ ಬಗ್ಗಿ ನೋಡಿದಳು.

“ಮರಳಲ್ಲಿ ಗಾಡಿ ನಿಲ್ಲಿಸ್ತಾರೇನೇ?”

“ನಿಮ್ಮನ್ನ ಮಾತಾಡಿಸದೆ ಹೋಗಲಾ?”

“ಹೋಗಿದ್ರೆ ಬೈತಿದ್ದೆ.” ಕೊಂಚ ಯೋಚಿಸಿ ಸೇರಿಸಿದಳು: “ಈಗಲೂ ಬೈತಿದ್ದೀನಿ, ಆ ಮಾತು ಬೇರೆ.”

ಖೇತಿವೆ ಬರಿಗೈಯಿಂದ ಮರಳು ತೋಡಿದಳು. ಚಾಪೆಗೆಂದು ಕೊಯ್ದು ತಂದ ಜೊಂಡನ್ನು ಮುದುಕಿ ಯಾರೂ ಕೇಳದೆಯೇ ಬಿಚ್ಚಿ ಚಕ್ರಗಳ ಮುಂದೆ ಹಾಸಿದಳು. ತೋಡಿ, ಹಾಸಿ, ಮತ್ತೆ ಕುಸಿದು, ಮತ್ತೆ ತೋಡಿ ಎರಡು ಗಂಟೆ ಹೋಯಿತು.

“ಹತ್ತಿ ಮುಂದೆ ಕೂತ್ಕೊಳ್ಳಿ ಗೋಗೊ. ಎಳೆಯೋ ಚಕ್ರ ಮುಂದಿನವು, ಅಲ್ಲಿ ತೂಕ ಬೇಕು.”

“ನನ್ನ ತೂಕ ಯಾರಿಗಾದ್ರೂ ಬೇಕಾಗಿ ಎಷ್ಟು ವರ್ಷ ಆಯ್ತೋ” ಎಂದು ಮುದುಕಿ ಘನತೆಯಿಂದ ಹತ್ತಿ ಕೂತಳು. ಕಾರು ನರಳಿ, ಹಾರಿ, ಹೊರಬಂತು. ಈ ಸಲ ದಾರಿಯಲ್ಲಿ ಯಾರು ಸಿಕ್ಕರೂ ಮಾತನಾಡಿಸುವ ಕೆಲಸವನ್ನು ಮುದುಕಿಯೇ ವಹಿಸಿಕೊಂಡು, ಕಿಟಕಿಯಿಂದ ಕೈ ಚಾಚಿ ಕೂಗುತ್ತಾ ಬಂದಳು.

ಅಳಿವೆಯ ದಡ ಮುಟ್ಟಿದಾಗ ಇಳಿತ ಮುಗಿದು ನೀರು ತಿರುಗಿತ್ತು. ಬೇಲಿಗಳ ಹಿರಿತನ ನೋಡಿಕೊಳ್ಳುವ ತೆಂಬೆ ಮುದುಕ ಕೋಲೂರಿ ನಿಂತಿದ್ದ. ಪಕ್ಕದಲ್ಲಿ, ಮೊಣಕಾಲವರೆಗೆ ಪ್ಯಾಂಟು ಮಡಚಿಕೊಂಡು, ಮಂಡ್ಲಕಾಯಿಸೆ.

“ಬಾ ಅಕ್ಕ, ಬಾಡಿಗೆ ಕಾರಲ್ಲಿ ಅಳಿವೆ ನೋಡೋಕೆ ಬಂದ್ಯಾ? ಫೋಟೋ ತೆಗೀಲಾ?”

“ಆಮೇಲೆ ತೆಗಿ. ಈಗ ಆ ಗೂಟ ಇಳಿಸು.”

ಅವನು ಇಳಿಸಲಿಲ್ಲ, ಅವಳೇ ಇಳಿಸಿಕೊಂಡಳು. ತೊಡೆಮಟ್ಟದ ನೀರಿನಲ್ಲಿ ನಿಂತು ಅಪ್ಪನ ಬೇಲಿಯನ್ನು ಒಮ್ಮೆ ಅಳೆದು ನೋಡಿದಳು. ಕಿತ್ತುಹೋದದ್ದು ಇಪ್ಪತ್ತು ಹೆಜ್ಜೆ. ಇದ್ದ ಹೊತ್ತಿನಲ್ಲಿ ಮುಚ್ಚಬಹುದಾದದ್ದು ಹನ್ನೆರಡು. ಹಳೆಯ ಸಾಲನ್ನೇ ಹಿಡಿದರೆ ಪೂರ್ತಿ ಕಳೆದುಕೊಳ್ಳುವುದು ಖಚಿತವಾಗಿತ್ತು. ಅವಳು ಹೊರಗಿನ ಎಂಟು ಹೆಜ್ಜೆಯನ್ನು ಬಿಟ್ಟುಬಿಟ್ಟಳು. ತೋಳನ್ನು ಒಳಕ್ಕೆ ಬಾಗಿಸಿ, ಕೂಳಿಯ ಬಾಯಿಗೆ ನೇರವಾಗಿ, ಹೊಸ ಸಾಲಿನಲ್ಲಿ ಮೊದಲ ಗೂಟ ಊರಿದಳು.

“ದೊಡ್ಡಪ್ಪನ ಬೇಲಿ ಇಷ್ಟು ಗಿಡ್ಡ ಇರಲಿಲ್ಲ” ಎಂದ ಮಂಡ್ಲಕಾಯಿಸೆ.

“ಇನ್ಮೇಲೆ ಇರುತ್ತೆ. ಆಚೆಯ ಎಂಟು ಹೆಜ್ಜೆ ನೀನಿಟ್ಕೋ.”

ಅವನು ಇದನ್ನು ನಿರೀಕ್ಷಿಸಿರಲಿಲ್ಲ. ಆಗ ನಿಜವಾದ ಆಕ್ಷೇಪವನ್ನು ಎತ್ತಿದ. “ಬೇಲಿ ಅಂದ್ಮೇಲೆ ದಿನಾ ಬರ್ಬೇಕು, ಅಕ್ಕ. ಕೂಳಿಗೆ ಬಿದ್ದ ಮೀನು ಶನಿವಾರದವರೆಗೆ ನಿನಗೋಸ್ಕರ ಕಾಯಲ್ಲ. ಬಾಬಾ ತೆಂಬೆ, ನೀವೇ ಹೇಳಿ.”

ತೆಂಬೆ ಅವಳತ್ತ ನೋಡಿದ. ಮಾತು ನ್ಯಾಯವಾದದ್ದೆಂದು ಖೇತಿವೆಗೂ ಗೊತ್ತಿತ್ತು. ಊರಿದ ಗೂಟದ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು: “ನಾನಿಲ್ಲದ ದಿನ ಬೀಳೋ ಮೀನು ನಿಂದು, ಮಂಡ್ಲಾ. ಗೂಟ ನಂದು. ಮುರಿದ್ರೆ ನಾನೇ ಬಂದು ನೆಡ್ತೀನಿ. ಹದಿನೈದು ದಿನಕ್ಕೊಂದು ದೊಡ್ಡ ಇಳಿತ, ಅವತ್ತು ಇಲ್ಲಿರ್ತೀನಿ. ಕಾರಿಲ್ದಿದ್ರೆ ಗೇಟಿಂದ ನಡ್ಕೊಂಡು ಬರ್ತೀನಿ.”

“ಮಿಕ್ಕ ದಿನದ ಮೀನೆಲ್ಲ ನಂದಾ?”

“ನಿನಗೆ ಕಿವಿ ಚುರುಕು ಅಂತ ಅಪ್ಪ ಹೇಳ್ತಿದ್ದ.”

ತೆಂಬೆ ಮುದುಕ ಕೋಲನ್ನು ದಡದಲ್ಲಿ ಬಿಟ್ಟು ನೀರಿಗಿಳಿದ. ಅವಳು ಊರಿದ್ದ ಗೂಟವನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿದ, ಮೇಲಕ್ಕೆ ಎಳೆದ, ಅದು ಮಿಸುಕಲಿಲ್ಲ. “ಮನೆಯವರು ಮುಚ್ಚಬೇಕು ಅಂತ ಹಿರಿಯರು ಹೇಳಿದ್ದಾರೆ. ಗಂಡಸರು ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ” ಎಂದ. “ನೀರು ಏರ್ತಾ ಇದೆ, ಮಗಳೇ. ಮಾತು ಸಾಕು.”

ಹತ್ತನೆಯ ಗೂಟದ ಹೊತ್ತಿಗೆ ನೀರು ಅವಳ ಸೊಂಟ ಮೀರಿತ್ತು. ಕಡ್ಡಿಚಾಪೆಯ ಒಂದು ತುದಿ ಕಟ್ಟುವಾಗ ಇನ್ನೊಂದು ತುದಿ ಸೆಳೆತಕ್ಕೆ ಹಾರಿಹೋಗುತ್ತಿತ್ತು. ಹಲ್ಲಿನಲ್ಲಿ ಹುರಿ ಕಚ್ಚಿ, ಮೊಣಕೈಯಿಂದ ಚಾಪೆಯನ್ನು ಒತ್ತಿಹಿಡಿದು ಅವಳು ಗಂಟು ಹಾಕುತ್ತಿದ್ದಾಗ ಹಿಂದೆ ನೀರು ಸದ್ದು ಮಾಡಿತು. ಮಂಡ್ಲಕಾಯಿಸೆ ಬಂದು ಹಾರಾಡುವ ತುದಿಯನ್ನು ಹಿಡಿದುಕೊಂಡ.

“ಹಿಡ್ಕೊಂಡಿರ್ತೀನಿ ಅಷ್ಟೆ. ಕಟ್ಟೋಳು ನೀನೇ” ಎಂದ.

“ನೀನು ಕಟ್ಟೋಕೆ ಬಂದಿದ್ರೆ ಕೈ ಮೇಲೆ ಹೊಡೀತಿದ್ದೆ. ಇನ್ನೂ ಮೇಲಕ್ಕೆ ಹಿಡಿ.”

ಅವನು ಮೇಲಕ್ಕೆ ಹಿಡಿದ. ಅವಳು ಕೊನೆಯ ಗಂಟನ್ನು ನೀರಿನ ಕೆಳಗೆ, ಕಣ್ಣಿಗೆ ಕಾಣದ ಕಡೆ, ಬೆರಳುಗಳ ನೆನಪಿನಿಂದಲೇ ಹಾಕಿ ಬಿಗಿದಳು.