ಪಕ್ಕದ ಮನೆಯವಳು

ಆಕೆ ಸ್ವಾರ್ಥಿ, ಇದರಲ್ಲಿ ಎರಡು ಮಾತಿಲ್ಲ. ಟಿ.ವಿ.ಯ ಹಾಸ್ಯ ಧಾರಾವಾಹಿಗಳಲ್ಲಿ ಮೂವತ್ತು ವರ್ಷ ನರ್ಸು, ಕೆಲಸದವಳು, ಬಾಡಿಗೆ ಮನೆಯ ಒಡತಿ, ಕೊನೆಗೆ ಸಕ್ಕರೆ ಕೇಳಲು ಬರುವ ಪಕ್ಕದ ಮನೆಯವಳಾಗಿ, ಸಿಕ್ಕಿದ ಎರಡು ಸಾಲನ್ನು ನಾಲ್ಕು ಮಾಡಿಕೊಂಡು ಬದುಕಿದಳು. ಬಾಗಿಲು ದಾಟಿ ಹೋಗೆಂದರೆ ಕೊಡೆ ಹುಡುಕುತ್ತ ಕ್ಯಾಮೆರಾದೆದುರು ಅರ್ಧ ನಿಮಿಷ ಕಳೆಯುವಳು. ಹೊಸ ಹುಡುಗಿಯರ ಬೆಳಕಿಗೆ ಅಡ್ಡ ನಿಂತು, "ನನ್ನ ಮುಖ ನೋಡಿದ್ರೇ ಜನ ನಗ್ತಾರೆ ಕಣೇ, ನೀನು ಮೊದ್ಲು ನಿಲ್ಲೋದು ಕಲಿ" ಎಂದು ಅವರ ಕಣ್ಣಲ್ಲಿ ನೀರು ಬರಿಸುವಳು. ತಾಯಿ ತೀರಿಕೊಂಡ ದಿನವೂ ಚಿತ್ರೀಕರಣಕ್ಕೆ ಬಂದಳು. "ನಾನು ಬರ್ಲಿಲ್ಲ ಅಂದ್ರೆ ನಾಳೆ ಪಕ್ಕದ್ಮನೆಗೆ ಬೇರೆಯವಳು ಬಂದಿರ್ತಾಳೆ" ಎಂದಳು. ಆ ಪಕ್ಕದ ಮನೆಯ ಧಾರಾವಾಹಿಯ ನಾಯಕ, ಹದಿನಾಲ್ಕು ವರ್ಷ ಅವಳೊಡನೆ ನಟಿಸಿದ ಮುದುಕ, ಅವಳ ಹೆಸರನ್ನು ಕಲಿಯಲೇ ಇಲ್ಲ. "ಏ ಸಕ್ಕರೆ" ಎಂದು ಕರೆಯುತ್ತಿದ್ದ. ಈಚೆಗೆ ಅವನಿಗೆ ತನ್ನ ಪಾತ್ರದ ಮಾತುಗಳೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಮೊನ್ನೆ ಒಂದೇ ಸಾಲಿಗೆ ಮೂರು ಸಲ ತಡವರಿಸಿದ. "ಇನ್ನೊಂದ್ಸಲ ತಪ್ಪಿದ್ರೆ ಈ ಪಾತ್ರಾನ ಸಾಯಿಸಿಬಿಡಿ" ಎಂದು ನಿರ್ಮಾಪಕ ಎಲ್ಲರೆದುರೇ ನಿರ್ದೇಶಕನಿಗೆ ಹೇಳಿದ. ನಾಲ್ಕನೆಯ ಸಲ, ಮುದುಕ ಬಾಯಿ ತೆರೆಯುವ ಮೊದಲೇ, ಆಕೆ ತನ್ನ ಸಾಲನ್ನು ತಪ್ಪಾಗಿ ಹೇಳಿದಳು. "ಎರಡು ಮಾತು ಬರಲ್ವೇನಮ್ಮಾ ನಿಮಗೆ?" ಎಂದು ನಿರ್ದೇಶಕ ಕೂಗಿದ. "ವಯಸ್ಸಾಯ್ತಲ್ಲಪ್ಪಾ" ಎಂದು ಆಕೆ ಸಂಭಾಷಣೆಯ ಹಾಳೆ ತರಿಸಿಕೊಂಡಳು. ತನ್ನ ಸಾಲು ಹುಡುಕುವವಳಂತೆ ಅದರ ಮೇಲೆ ಬೆರಳಾಡಿಸುತ್ತ, ಮುದುಕನ ಸಾಲನ್ನು ಅವನಿಗೆ ಕೇಳುವ ಹಾಗೆ ಎರಡು ಸಲ ಗಟ್ಟಿಯಾಗಿ ಓದಿದಳು.